ನಡುವಯಸ್ಸಿಗೊಂದು ಜಗಲಿ

ನಲವತ್ತು ದಾಟಿದ, ಅರವತ್ತು ಇನ್ನೂ ಮುಟ್ಟದ, ಒಂಟಿಯಾಗಿ ಬದುಕುತ್ತಿರುವ ಹೆಂಗಸರು ಗಂಡಸರ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕು. ಗಂಡ ತೀರಿಕೊಂಡವರು, ಹೆಂಡತಿ ತೀರಿಕೊಂಡವರು, ಕೋರ್ಟಿಗೆ ಅಲೆದು ಬಿಡುಗಡೆ ಪಡೆದವರು, ಗಂಡ ಬಿಟ್ಟುಹೋದವರು, ತಂಗಿಯರ ಮದುವೆ ಮಾಡುವಷ್ಟರಲ್ಲಿ ತಮ್ಮ ಮದುವೆಯ ಕಾಲವೇ ಕಳೆದುಹೋದವರು. ಅರಸೀಕೆರೆ, ಬಾಣಾವರ, ಜಾವಗಲ್ಲು, ಹಳೇಬೀಡು, ಬೇಲೂರು, ಈ ದಾರಿಯುದ್ದಕ್ಕೂ ಯಾವ ಊರಿನಲ್ಲಿ ಬಸ್ಸಿಳಿದರೂ ಇಂಥವರ ಮನೆ ಒಂದಲ್ಲ, ನಾಲ್ಕು ಸಿಗುತ್ತವೆ. ಊರಿನ ಕೆಲಸಕ್ಕೆ ಇವರು ಬೇಕು. ಆಸ್ಪತ್ರೆಯಲ್ಲಿ ರಾತ್ರಿ ಕೂರುವುದಕ್ಕೆ, ಮದುವೆಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವುದಕ್ಕೆ, ಅಣ್ಣನ ಮಕ್ಕಳನ್ನು ಸ್ಕೂಲಿಗೆ ಬಿಡುವುದಕ್ಕೆ ಮೊದಲು ನೆನಪಾಗುವುದು ಇವರೇ. ಇವರಿಗೂ ಒಂದು ಜೊತೆ ಬೇಕು ಅನ್ನಿಸೀತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ತಾವಾಗಿ ಬಾಯಿಬಿಟ್ಟರೆ "ಈ ವಯಸ್ಸಲ್ಲಿ ಇದೆಲ್ಲ ಬೇಕಾ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇವರ ಸಂಖ್ಯೆ ಸಣ್ಣದಲ್ಲ. 2001ರ ಜನಗಣತಿಯಲ್ಲಿ ನಮ್ಮ ದೇಶದ ಒಂಟಿ ಹೆಂಗಸರು, ಎಲ್ಲ ವಯಸ್ಸಿನವರೂ ಸೇರಿ, 5.12 ಕೋಟಿ ಇದ್ದರು. 2011ರ ಹೊತ್ತಿಗೆ 7.14 ಕೋಟಿ ಆದರು. ಹತ್ತು ವರ್ಷಕ್ಕೆ ಎರಡು ಕೋಟಿ ಹೆಚ್ಚು. ನಮ್ಮ ರಾಜ್ಯ ಸರ್ಕಾರವೇ 2013ರಲ್ಲಿ ಮನಸ್ವಿನಿ ಎಂಬ ಯೋಜನೆ ತಂದು, 40ರಿಂದ 64 ವರ್ಷದ ಬಡ ಅವಿವಾಹಿತ ಮತ್ತು ವಿಚ್ಛೇದಿತ ಹೆಂಗಸರಿಗೆ ತಿಂಗಳ ಮಾಸಾಶನ ಕೊಡತೊಡಗಿತು. ಇಂಥದೊಂದು ವರ್ಗ ಇದೆ, ಅದರ ಕಷ್ಟ ಬೇರೆ ಎಂದು ಸರ್ಕಾರಕ್ಕೆ ಗೊತ್ತಾಗಿದೆ. ಮನೆಯವರಿಗೂ ಗೊತ್ತಾಗಬೇಕು.

ಗಂಡಸರ ಕತೆ ಬೇರೆ ದಾರಿಯಲ್ಲಿ ಬಂದಿದೆ. ನಮ್ಮದು ತೆಂಗಿನ ಸೀಮೆ. ಮೊದಲು ನುಸಿ ರೋಗ ಬಂತು, ಆಮೇಲೆ ವರ್ಷಗಟ್ಟಲೆ ಬರ ಬಂತು, ನಿಂತ ಮರಗಳು ಸುಳಿ ಒಣಗಿ ಬಿದ್ದವು. ಓದಿದ ಹೆಣ್ಣುಮಕ್ಕಳು ಹಾಸನ, ಬೆಂಗಳೂರು ಸೇರಿದರು. ತೋಟ ನೋಡಿಕೊಳ್ಳಲು ಉಳಿದ ಗಂಡುಮಗನಿಗೆ "ಹುಡುಗ ಊರಲ್ಲೇ ಇದ್ದಾನಂತೆ" ಎಂಬ ಒಂದೇ ಕಾರಣಕ್ಕೆ ಹೆಣ್ಣು ಸಿಗಲಿಲ್ಲ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ಒಕ್ಕಲಿಗರ ವಧು-ವರರ ಸಮಾವೇಶ ನಡೆದಾಗ ಹತ್ತು ಸಾವಿರಕ್ಕೂ ಮೀರಿ ಗಂಡುಗಳು ಹೆಸರು ಬರೆಸಿದ್ದರು, ಹೆಣ್ಣುಗಳು ಕೆಲವೇ ನೂರು. ಮೂರು ತಿಂಗಳು ಕಳೆದ ಮೇಲೆ, 2023ರ ಫೆಬ್ರವರಿಯಲ್ಲಿ, ಮಂಡ್ಯ ಜಿಲ್ಲೆಯ ಮೂವತ್ತು ದಾಟಿದ ಅವಿವಾಹಿತ ರೈತರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದರು. ಪತ್ರಿಕೆಗಳು ಅದನ್ನು ತಮಾಷೆಯ ಸುದ್ದಿಯ ಹಾಗೆ ಹಾಕಿದವು. ನನಗೆ ಅದರಲ್ಲಿ ನಗುವಂಥದು ಏನೂ ಕಾಣಲಿಲ್ಲ. ಆ ದಾರಿಯಲ್ಲಿ ನಡೆದವರು ಇನ್ನು ಹತ್ತು ವರ್ಷಕ್ಕೆ ನಲವತ್ತು ದಾಟಿರುತ್ತಾರೆ. ನಮ್ಮ ಸೀಮೆಯಲ್ಲಿ ಆಗಲೇ ಆ ವಯಸ್ಸು ಮುಟ್ಟಿದವರಿದ್ದಾರೆ.

ಹಾಗಾದರೆ ಇವರು ಒಬ್ಬರನ್ನೊಬ್ಬರು ಎಲ್ಲಿ ಕಾಣಬೇಕು?

ಸದ್ಯಕ್ಕೆ ನಮ್ಮಲ್ಲಿರುವ ಉತ್ತರ ವಧು-ವರರ ಸಮಾವೇಶ. ಅರಸೀಕೆರೆಯ ಕಲ್ಯಾಣಮಂಟಪವೊಂದರಲ್ಲಿ ಅಂಥದೊಂದು ನಡೆದಾಗ ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ನಾನೂ ಕೂತಿದ್ದೆ. ಅರ್ಜಿಯಲ್ಲಿ ಹೆಸರು, ವಯಸ್ಸು, ಎತ್ತರ, ನಕ್ಷತ್ರ, ರಾಶಿ, ಒಳಪಂಗಡ, ವಿದ್ಯೆ, ಸಂಬಳ, ಜಮೀನು ಎಷ್ಟು, ಸ್ವಂತ ಮನೆ ಉಂಟೋ ಇಲ್ಲವೋ, ಎಲ್ಲ ತುಂಬಿಸಬೇಕು. ಕೊನೆಯ ಸಾಲಿನಲ್ಲಿ ಮೊದಲನೇ ಸಂಬಂಧವೋ ಎರಡನೆಯದೋ ಎಂದು ಗುರುತು ಹಾಕಬೇಕು. ಅಂಗನವಾಡಿ ಟೀಚರೊಬ್ಬರು ತಮ್ಮನನ್ನು ಜೊತೆಗೆ ಕರೆದುಕೊಂಡು ಬಂದಿದ್ದರು. "ನಮ್ಮಕ್ಕಂಗೆ ನಲವತ್ತಾರು ಮೇಡಂ. ಭಾವ ಹೋಗಿ ಎಂಟು ವರ್ಷ ಆಯ್ತು. ಮಗಳು ಡಿಗ್ರಿ ಓದ್ತಾವಳೆ. ಬರ್ಕೊಳಿ" ಅಂದ. ನಾನು ಕೇಳಿದ್ದಕ್ಕೆಲ್ಲ ಉತ್ತರ ಅವನೇ ಕೊಟ್ಟ. ಅಡುಗೆ ಚೆನ್ನಾಗಿ ಮಾಡ್ತಾಳೆ, ಯಾರ ತಂಟೆಗೂ ಹೋಗೋಳಲ್ಲ, ಅದನ್ನೂ ಬರ್ಕೊಳಿ ಅಂದ. ಪಾಪ, ಒಳ್ಳೆಯ ಹುಡುಗ, ಅಕ್ಕನ ಮೇಲಿನ ಪ್ರೀತಿಯಿಂದಲೇ ಬಂದವನು. ನಾನು ಪೆನ್ನು ಕೆಳಗಿಟ್ಟು, "ನಿಮಗೆ ಎಂಥವರು ಬೇಕು ಹೇಳೀಮ್ಮ" ಎಂದು ಅವರನ್ನೇ ಕೇಳಿದೆ. ಒಂದು ಸಲ ತಮ್ಮನ ಮುಖ ನೋಡಿ, ಸೆರಗು ಸರಿಮಾಡಿಕೊಂಡು, "ಸಂಜೆ ಹೊತ್ತು ಮನೇಲಿ ಕೂತು ಮಾತಾಡೋ ಮನುಷ್ಯ ಆದ್ರೆ ಸಾಕು ಮೇಡಂ" ಅಂದರು. ಅದನ್ನು ಬರೆಯಲು ಆ ಅರ್ಜಿಯಲ್ಲಿ ಜಾಗ ಇರಲಿಲ್ಲ.

ಎರಡನೇ ಸಂಬಂಧದವರನ್ನು ವೇದಿಕೆಗೆ ಕರೆದದ್ದು ಊಟವಾದ ಮೇಲೆ. ಅಷ್ಟೊತ್ತಿಗೆ ಅರ್ಧ ಜನ ಎದ್ದು ಹೋಗಿದ್ದರು, ಹಿಂದಿನ ಸಾಲಿನ ಕುರ್ಚಿಗಳನ್ನು ಹುಡುಗರು ಒಂದರ ಮೇಲೊಂದು ಪೇರಿಸುತ್ತಿದ್ದರು. ಆ ಟೀಚರು ಮೈಕಿನ ಮುಂದೆ ನಿಂತು ಹೆಸರು, ಊರು, ವಯಸ್ಸು ಹೇಳಿ ಇಳಿದುಬಂದರು. ಎದುರಿನಲ್ಲಿ ಕೂತ ಗಂಡಸರಿಗೆ ಅವರ ಬಗ್ಗೆ ಗೊತ್ತಾದದ್ದು ಅಷ್ಟೇ.

ಸಮಾವೇಶ ಮಾಡುವವರನ್ನು ನಾನು ದೂರುವುದಿಲ್ಲ. ಇಪ್ಪತ್ತೈದರ ಹುಡುಗ ಹುಡುಗಿಯರಿಗೆ ಆ ಪದ್ಧತಿ ಒಗ್ಗುತ್ತದೆ. ಅವರ ಹಿಂದೆ ಎರಡು ಮನೆಗಳು ಜಾಮೀನು ನಿಂತಿರುತ್ತವೆ, ಮುಂದೆ ಬದುಕು ಒಟ್ಟಿಗೆ ಶುರುವಾಗಬೇಕಾಗಿರುತ್ತದೆ. ನಲವತ್ತಾರರಲ್ಲಿ ಹಾಗಲ್ಲ. ಅವರಿಗೆ ಕೆಲಸವಿದೆ, ಕಾಲೇಜಿಗೆ ಹೋಗುವ ಮಗಳಿದ್ದಾಳೆ, ಸಂಘದ ಸಾಲವಿದೆ, ಬೆಳಗ್ಗೆ ಎದ್ದು ನುಂಗುವ ಬಿಪಿ ಮಾತ್ರೆಯಿದೆ, ಸತ್ತ ಗಂಡನ ನೆನಪಿದೆ. ಆ ಕಡೆಯವರಿಗೆ ಹಾಸಿಗೆ ಹಿಡಿದ ತಾಯಿ, ಅಣ್ಣತಮ್ಮಂದಿರ ಜೊತೆ ಪಾಲಾಗದ ತೋಟ, ಮಾತು ಬಿಟ್ಟ ಮಗ. ಇವೆಲ್ಲ ಒಂದು ತಟ್ಟೆ ಉಪ್ಪಿಟ್ಟು ಕೇಸರಿಬಾತು ತಿಂದು ಮುಗಿಸುವಷ್ಟರಲ್ಲಿ ಹೇಳಿಕೊಳ್ಳುವಂಥವಲ್ಲ. ಹತ್ತು ಸಲ ಕಾಣಬೇಕು. ಮೊದಲ ನಾಲ್ಕೈದು ಸಲ ಮಳೆ, ಬೆಳೆ, ಕೊಬ್ಬರಿ ರೇಟು, ಇಷ್ಟರಲ್ಲೇ ಹೋಗಬೇಕು. ನಮ್ಮ ಹಳೆಯ ಮನೆಗಳಿಗೆ ಜಗಲಿ ಇತ್ತು. ದಾರಿಯಲ್ಲಿ ಹೋಗುವವರು ಬಂದು ಕೂತು, ನೀರು ಕುಡಿದು, ನಾಲ್ಕು ಮಾತಾಡಿ ಎದ್ದು ಹೋಗುತ್ತಿದ್ದರು. ಒಳಗೆ ಬರುವ ಹಕ್ಕು ಅವರಿಗಿರಲಿಲ್ಲ, ಏಕೆ ಬಂದಿರಿ ಎಂದು ಕೇಳುವ ಹಕ್ಕು ನಮಗೂ ಇರಲಿಲ್ಲ. ನಡುವಯಸ್ಸಿನ ಒಂಟಿಗರಿಗೆ ಬೇಕಾಗಿರುವುದು ಅಂಥ ಒಂದು ಜಾಗ. ಮದುವೆ ಆಮೇಲಿನ ಮಾತು. ಆಗದೆ ಬರೀ ಸ್ನೇಹವಾಗಿ ಉಳಿದರೂ ಅದು ಸಣ್ಣ ಲಾಭವಲ್ಲ.

ನಮ್ಮ ಹಿಂದಿನವರಿಗೆ ಈ ಯೋಚನೆ ಇರಲಿಲ್ಲವೆಂದಲ್ಲ. ಹಳೇ ಮೈಸೂರಿನ ಎಷ್ಟೋ ಒಕ್ಕಲು ಸಮುದಾಯಗಳಲ್ಲಿ ಕೂಡಿಕೆ ಇತ್ತು, ಸೀರೆ ಉಡಿಸುವ ಪದ್ಧತಿ ಇತ್ತು. ಗಂಡ ಸತ್ತವಳು ಇನ್ನೊಬ್ಬನ ಮನೆ ಸೇರಬಹುದಾಗಿತ್ತು. ಮೊದಲ ಮದುವೆಯ ಗೌರವ ಅದಕ್ಕೆ ಇರಲಿಲ್ಲ, ಆದರೆ ದಾರಿ ಮುಚ್ಚಿರಲಿಲ್ಲ. ದಾರಿ ಪೂರ್ತಿ ಮುಚ್ಚಿದ್ದು ಮೇಲುಜಾತಿಗಳಲ್ಲಿ. 1856ರಲ್ಲೇ ವಿಧವಾ ಪುನರ್ವಿವಾಹದ ಕಾನೂನು ಬಂದಿದ್ದರೂ, 1899ರಲ್ಲಿ ಗುಲ್ವಾಡಿ ವೆಂಕಟರಾಯರು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಇಂದಿರಾಬಾಯಿಯನ್ನು ಬರೆಯುವಾಗ ಎಳೆಯ ವಿಧವೆಯೊಬ್ಬಳ ಮರುಮದುವೆಯನ್ನೇ ವಸ್ತು ಮಾಡಿಕೊಳ್ಳಬೇಕಾಯಿತು. ಗಂಡಸಿಗೆ ಈ ಕಟ್ಟು ಯಾವ ಜಾತಿಯಲ್ಲೂ ಇರಲಿಲ್ಲ. ಹೆಂಡತಿ ಸತ್ತ ಐವತ್ತರವನು ಹತ್ತು ಹನ್ನೆರಡರ ಹುಡುಗಿಯನ್ನು ಮದುವೆಯಾಗುತ್ತಿದ್ದ. 1894ರಲ್ಲಿ ಮೈಸೂರು ಸಂಸ್ಥಾನ ಕಾನೂನು ಮಾಡಿ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದೆಂದು ನಿಷೇಧಿಸಬೇಕಾಯಿತು. ತನ್ನ ವಯಸ್ಸಿನ, ತನ್ನಂತೆಯೇ ಕಷ್ಟ ಕಂಡ ಹೆಂಗಸಿನ ಜೊತೆ ಸರಿಸಮನಾಗಿ ಕೂತು ಮಾತಾಡುವುದು ನಮ್ಮ ಗಂಡಸರಿಗೆ ರೂಢಿಯಾಗದೆ ಉಳಿದದ್ದಕ್ಕೆ ಇದೂ ಒಂದು ಕಾರಣ ಎಂದೇ ನಾನು ತಿಳಿದಿದ್ದೇನೆ. ಈಗಲೂ ಸಮಾವೇಶಕ್ಕೆ ಬರುವ ನಲವತ್ತೆಂಟರ ಗಂಡಸು ಅರ್ಜಿಯಲ್ಲಿ "ಮೂವತ್ತೈದರ ಒಳಗಿನವರು" ಎಂದು ಬರೆಸುತ್ತಾನೆ. ಪಕ್ಕದ ಸಾಲಿನಲ್ಲಿ ಕೂತ ನಲವತ್ತೈದರವಳು ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಆದರೂ ಜನ ಕಾಣುತ್ತಾರೆ, ಪರಿಚಯವಾಗುತ್ತದೆ. ಎಲ್ಲಿ ಎಂದರೆ, ಕೆಲಸ ಇರುವಲ್ಲಿ.

ನನಗೆ ಗೊತ್ತಿರುವ ಒಂದು ಜೋಡಿ ಅರಸೀಕೆರೆಯ ಎಪಿಎಂಸಿ ಯಾರ್ಡಿನಲ್ಲಿ ಪರಿಚಯವಾದದ್ದು. ಗಂಡ ಸತ್ತಮೇಲೆ ಆಕೆಯೇ ತೋಟ ನೋಡಿಕೊಳ್ಳುತ್ತಿದ್ದರು. ಉಂಡೆ ಕೊಬ್ಬರಿ ಗೊತ್ತಲ್ಲ, ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಹಾಗೇ ಬಿಟ್ಟು, ಒಳಗೆ ನೀರು ಇಂಗಿ ಗಿಟಕು ಬಿಟ್ಟಮೇಲೆ ಸುಲಿಸಿ, ಚಿಪ್ಪು ಒಡೆಸಿ, ಮೂಟೆ ಕಟ್ಟಿ ತರಬೇಕು. ಟೆಂಡರ್ ದಿನ ಬೆಳಗ್ಗೆ ಬಂದರೆ ರೇಟು ಗೊತ್ತಾಗಿ, ತೂಕವಾಗಿ, ಚೀಟಿ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನ ದಾಟುತ್ತದೆ. ಅಷ್ಟು ಹೊತ್ತು ಮೂಟೆಯ ಮೇಲೆ ಕೂತಿರಬೇಕು. ಪಕ್ಕದ ಮೂಟೆಗಳ ಯಜಮಾನ ಬಾಣಾವರದ ಕಡೆಯವರು, ಹೆಂಡತಿ ಕ್ಯಾನ್ಸರಿನಲ್ಲಿ ಹೋಗಿದ್ದರು. ತೂಕದ ಹತ್ತಿರ ಹುಷಾರಾಗಿರಿ ಎಂದು ಶುರುವಾದ ಮಾತು ಮೂರು ವರ್ಷ ಹಾಗೇ ನಡೆಯಿತು. ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣಲಿಲ್ಲ, ಏಕೆಂದರೆ ಇಬ್ಬರಿಗೂ ಅಲ್ಲಿ ಕೆಲಸವಿತ್ತು. ಕೊನೆಗೆ ಮಾತೆತ್ತಿದ್ದು ಆಕೆಯ ಮಗ. "ಅಮ್ಮ, ಅವರನ್ನ ಒಂದು ಸಲ ಮನೆಗೆ ಊಟಕ್ಕೆ ಕರಿ" ಅಂದನಂತೆ. ಮದುವೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರು. ಈಗಲೂ ಇಬ್ಬರ ತೋಟದ ಲೆಕ್ಕ ಬೇರೆ ಬೇರೆ, ಅಡುಗೆ ಮಾತ್ರ ಒಂದು.

ಹೆಂಗಸರಿಗೆ ಇಂಥ ಅವಕಾಶ ಸ್ವಲ್ಪ ಹೆಚ್ಚಿರುವುದು ಈಚಿನ ವರ್ಷಗಳಲ್ಲಿ. ಸ್ತ್ರೀಶಕ್ತಿ ಸಂಘದ ವಾರದ ಸಭೆ, ಹಾಲಿನ ಡೇರಿ, ಭಜನಾ ಮಂಡಳಿ ಅವರನ್ನು ಹೊಸಿಲು ದಾಟಿಸಿದವು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ ಚಾರ್ಜಿಗೆ ಯಾರ ಮುಂದೂ ಕೈಚಾಚುವ ಅಗತ್ಯ ತಪ್ಪಿತು. ಅರಸೀಕೆರೆ ಬಸ್ ನಿಲ್ದಾಣದಲ್ಲಿ ಭಾನುವಾರ ನಿಂತು ನೋಡಿ. ನಾಲ್ಕೈದು ಜನ ನಡುವಯಸ್ಸಿನ ಹೆಂಗಸರು ಬುತ್ತಿ ಕಟ್ಟಿಕೊಂಡು ಹಳೇಬೀಡು, ಬೇಲೂರಿಗೆ ಹೊರಟಿರುತ್ತಾರೆ. ಮನೆ ಬಿಟ್ಟು ಒಂದು ದಿನ ತಮಗಾಗಿ ತಿರುಗಾಡುವುದು ಅವರಲ್ಲಿ ಕೆಲವರಿಗೆ ಜೀವನದಲ್ಲೇ ಮೊದಲು. ಆದರೆ ಇವೆಲ್ಲ ಹೆಂಗಸರು ಹೆಂಗಸರೇ ಸೇರುವ ಜಾಗಗಳು. ಗಂಡಸರಿಗೂ ಅವರದೇ ಜಾಗಗಳಿವೆ. ಹೋಟೆಲ್ ಮುಂದಿನ ಕಟ್ಟೆ, ಸುಗ್ಗಿ ಮುಗಿದಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಕಲಿಯುವ ಕುರುಕ್ಷೇತ್ರ ನಾಟಕ. ಅಲ್ಲೂ ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆ ಬರುತ್ತಾರೆಯೇ ಹೊರತು ಊರಿನ ಹೆಂಗಸು ತಾಲೀಮಿಗೆ ಬರುವುದಿಲ್ಲ. ಎರಡೂ ಕಡೆಯವರು ಒಟ್ಟಿಗೆ ಕೂರುವ ಜಾಗ ನಮ್ಮ ಪೇಟೆಗಳಲ್ಲಿ ಬಲು ಕಡಿಮೆ.

ಅರಸೀಕೆರೆ ಹತ್ತಿರದ ಜೇನುಕಲ್ಲು ಸಿದ್ಧೇಶ್ವರನ ಬೆಟ್ಟ ಅಂಥದೊಂದು ಜಾಗ. ಹುಣ್ಣಿಮೆಯ ರಾತ್ರಿ ಗಂಡು ಹೆಣ್ಣೆನ್ನದೆ ಜನ ಹತ್ತುತ್ತಾರೆ, ಮೆಟ್ಟಿಲಿನಲ್ಲಿ ದಣಿದು ಕೂತಾಗ ಗುರುತಿಲ್ಲದವರೂ ನೀರಿನ ಬಾಟಲಿ ಚಾಚುತ್ತಾರೆ. ಬೇಲೂರಿನ ದೇವಸ್ಥಾನ ಇನ್ನೊಂದು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ಅಲ್ಲಿನ ಒಂದು ಐತಿಹ್ಯವನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಬರೆದಿಟ್ಟಿದ್ದಾರೆ. ಚೆನ್ನಕೇಶವನ ಮೂರ್ತಿಯನ್ನು ಬಾಬಾಬುಡನ್ ಗಿರಿಯಿಂದ ತಂದರಂತೆ, ದೇವಿಯ ಮೂರ್ತಿ ಅಲ್ಲೇ ಉಳಿಯಿತಂತೆ. ಅದಕ್ಕಾಗಿ ಸ್ವಾಮಿ ಆಗಾಗ ಪಾದರಕ್ಷೆ ಮೆಟ್ಟಿಕೊಂಡು ಗಿರಿಗೆ ಹೋಗಿ ದೇವಿಯನ್ನು ಕಂಡುಬರುತ್ತಾನೆ. ಪಾದರಕ್ಷೆ ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚರ್ಮದ ಕೆಲಸದವರಿಗೆ ಕನಸಿನಲ್ಲಿ ಅಪ್ಪಣೆಯಾಗಿ, ಅವರು ಹೊಸ ಜೋಡು ಹೊಲಿದು ತಂದೊಪ್ಪಿಸುತ್ತಾರೆ. ಈ ಕತೆ ನನಗೆ ತುಂಬ ಇಷ್ಟ. ದೇವರಿಗೂ ನಡೆದುಹೋಗಿ ಕಾಣುವ ಅಗತ್ಯವಿತ್ತು. ಜನ ಅವನಿಗೆ ಜೋಡು ಹೊಲಿದು ಕೊಟ್ಟರು, ಎಲ್ಲಿಗೆ ಹೊರಟೆ, ಏಕೆ ಹೊರಟೆ ಎಂದು ಅಡ್ಡ ನಿಲ್ಲಲಿಲ್ಲ.

ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರು. ಹೊಯ್ಸಳೇಶ್ವರನ ಸುತ್ತಲಿನ ಹುಲ್ಲುಹಾಸು, ಪಕ್ಕದಲ್ಲಿ ದೋರಸಮುದ್ರದ ಕೆರೆ, ಸ್ವಲ್ಪ ನಡೆದರೆ ಬಸದಿಗಳು, ಕೇದಾರೇಶ್ವರ. ಹೊಯ್ಸಳೇಶ್ವರ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹೊರಗಿನ ಜನ ಇನ್ನೂ ಹೆಚ್ಚು ಬರುತ್ತಿದ್ದಾರೆ. ಸ್ಥಳೀಯರು ಅಲ್ಲಿಗೆ ಹೋಗುವುದು ನೆಂಟರು ಬಂದಾಗ ಮಾತ್ರ. ಹಗಲು ಹೊತ್ತು, ನಾಲ್ಕು ಜನರ ಕಣ್ಣೆದುರು, ಗೌರವವಾಗಿ ಕೂತು ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಬೇರೆ ಊರಿನವರು ಈ ದಾರಿಯಲ್ಲಿ ಮುಂದೆ ಹೋಗಿದ್ದಾರೆ. 2001ರ ಕಛ್ ಭೂಕಂಪದಲ್ಲಿ ಸಂಗಾತಿಯನ್ನು ಕಳೆದುಕೊಂಡವರನ್ನು ಕಂಡು ಮರುಗಿದ ಅಹಮದಾಬಾದಿನ ನಟುಭಾಯಿ ಪಟೇಲರು ಹಿರಿಯ ಒಂಟಿಗರ ಭೇಟಿ ಸಭೆಗಳನ್ನು ಏರ್ಪಡಿಸುತ್ತ ಬಂದರು. ಹೈದರಾಬಾದಿನಲ್ಲಿ ರಾಜೇಶ್ವರಿ ಎಂಬವರು 2010ರಲ್ಲಿ ತೋಡು ನೀಡ ಎಂಬ ಸಂಸ್ಥೆ ಕಟ್ಟಿದರು. ಅದು ಐವತ್ತು ದಾಟಿದ ಒಂಟಿಗರಿಗೆ. ನಮ್ಮ ತಾಲ್ಲೂಕುಗಳಿಗೆ ಅಷ್ಟು ದೊಡ್ಡದು ಬೇಡ, ದೊಡ್ಡದಾದರೆ ಮತ್ತೆ ವೇದಿಕೆ, ಮೈಕು, ಶಾಲು ಬರುತ್ತವೆ. ತಿಂಗಳಿಗೊಂದು ಭಾನುವಾರ ಸಾಕು. ತಾಲ್ಲೂಕು ಲೈಬ್ರರಿಯಲ್ಲೋ, ಸಾಹಿತ್ಯ ಪರಿಷತ್ತಿನ ಹೆಸರಿನಲ್ಲೋ, ಸುಗಮ ಸಂಗೀತದ ತರಗತಿಯಾಗಿಯೋ, ಹಳೇಬೀಡಿನ ಬಸದಿ ನೋಡುವ ನಡಿಗೆಯಾಗಿಯೋ ಮಾಡಿ. ಕೈಗೆ ಒಂದು ಕೆಲಸ ಇರಲಿ, ಬಯೋಡೇಟಾ ಬೇಡ. ಮಕ್ಕಳಿದ್ದವರು ಮಕ್ಕಳನ್ನೂ ಕರೆತರಲಿ. ಜಾತಿ ಕೇಳುವ ಅರ್ಜಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಮೊಬೈಲಿನಲ್ಲಿ ಎಲ್ಲ ಸಿಗುವಾಗ ಇದೆಲ್ಲ ಏಕೆ ಎನ್ನುವವರಿಗೆ ಒಂದು ಮಾತು. ಮದುವೆಯ ಹೆಸರು ಹೇಳಿ, ಮುಖ ತೋರಿಸದೆ, ವಿಧವೆಯರಿಂದಲೂ ವಿಚ್ಛೇದಿತರಿಂದಲೂ ಹಣ ಕೀಳುವವರು ಬೇಕಾದಷ್ಟಿದ್ದಾರೆ. ಎದುರು ಕೂತು ಮಾತಾಡದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಮೋಸ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸಂಬಂಧ ಮುಂದುವರಿಯುವ ಹಾಗಿದ್ದರೆ ವಿಚ್ಛೇದನದ ಡಿಕ್ರಿಯನ್ನೋ ಮರಣ ಪತ್ರವನ್ನೋ ಕಣ್ಣಾರೆ ನೋಡಿ, ಏಕೆಂದರೆ ಮೊದಲ ಮದುವೆ ಕಾನೂನಿನ ಪ್ರಕಾರ ಮುಗಿಯದೆ ಆದ ಎರಡನೆಯ ಮದುವೆಗೆ ಹಿಂದೂ ವಿವಾಹ ಕಾಯ್ದೆಯಲ್ಲಿ ಬೆಲೆಯಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗುವುದಾದರೆ ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿಗಳು ಬೇಕು. ವಿಧವಾ ವೇತನ ಪಡೆಯುತ್ತಿರುವವರಿಗೆ ಮರುಮದುವೆಯಾದರೆ ಅದು ನಿಲ್ಲುತ್ತದೆ. ಇದನ್ನು ಮೊದಲೇ ತಿಳಿದುಕೊಂಡು ಲೆಕ್ಕ ಹಾಕಿಕೊಳ್ಳಿ. ಆಸ್ತಿಯ ವಿಷಯವನ್ನು ಮುಚ್ಚಿಡಬೇಡಿ. ಮಕ್ಕಳ ವಿರೋಧದ ಹಿಂದೆ ಬಹಳ ಸಲ ಇರುವುದು ಆಸ್ತಿ ಕೈತಪ್ಪೀತೆಂಬ ಭಯ. ಯಾರಿಗೆ ಏನು ಎಂದು ಉಯಿಲು ಬರೆದು ನೋಂದಾಯಿಸಿದರೆ ಆ ಭಯ ಬಹುಮಟ್ಟಿಗೆ ಇಳಿಯುತ್ತದೆ.

ಈಗ ನನ್ನ ಮಾತು ಮಕ್ಕಳಿಗೆ, ಅಣ್ಣತಮ್ಮಂದಿರಿಗೆ, ಅತ್ತಿಗೆ ನಾದಿನಿಯರಿಗೆ. ನಿಮ್ಮ ಮನೆಯಲ್ಲಿ ಅಂಥ ಒಬ್ಬ ಅಕ್ಕ, ಒಬ್ಬ ಮಾವ, ಒಬ್ಬ ತಾಯಿ ಇದ್ದರೆ ಅವರ ಪರವಾಗಿ ಉತ್ತರ ಕೊಡುವುದನ್ನು ಬಿಡಿ. ಭಾನುವಾರ ಹೊರಗೆ ಹೋಗಿಬರುತ್ತೇನೆ ಅಂದರೆ ಯಾರ ಜೊತೆ, ಏಕೆ ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳಬೇಡಿ. ಆ ಒಂದು ದಿನದ ಅಡುಗೆ, ಹಟ್ಟಿಯ ಕೆಲಸ ನೀವು ನೋಡಿಕೊಳ್ಳಿ. ಲೈಬ್ರರಿಯಲ್ಲೋ ಶಾಲೆಯಲ್ಲೋ ಒಂದು ಕೋಣೆ ತೆರೆದುಕೊಡುವ ಅಧಿಕಾರ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ದಯವಿಟ್ಟು ಈ ತಿಂಗಳೇ ಅದನ್ನು ತೆರೆಯಿರಿ.